ಹೊಕ್ಕುಳಿಗೆ ಕುಂಕುಮ

ಆಗಸ್ಟ್ 24, ಭಾನುವಾರ

ಬರೀಬೇಕಂತೆ. ದಿನಾ. ಅರವತ್ತೆಂಟು ವರ್ಷದವನ ಕೈಲಿ ಕಾಪಿ ಬರೆಸೋಕೆ ಹೊರಟಿದ್ದಾರೆ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಬರೀ ಅಂದದ್ದಕ್ಕೆ ಸ್ಲೇಟು ಅಲ್ಲೇ ಇಟ್ಟು ಮನೆಗೆ ಬಂದವನು ನಾನು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೋಟರಿಗೆ ತಂತಿ ಸುತ್ತೋದಕ್ಕೆ ಒತ್ತಕ್ಷರ ಬೇಕಾಗಿಲ್ಲ.

ಬರೀ ಅಂದವಳು ಸಕಲೇಶಪುರದ ಡಾಕ್ಟರಮ್ಮ. ಮೊನ್ನೆ ಅಲ್ಲಿಗೆ ಕರಕೊಂಡು ಹೋದವಳು ಮಗಳು ಚಂದ್ರಿಕಾ. ನನಗೆ ಜ್ವರ ಇಲ್ಲ, ಕೆಮ್ಮಿಲ್ಲ. ಮಗಳು ಅಲ್ಲಿ ಹೇಳಿದ್ದು ಇಷ್ಟು: "ಅಮ್ಮ ಹೋದ ಮೇಲೆ ಅಪ್ಪ ಯಾರಿಗೂ ಬೈದಿಲ್ಲ ಮೇಡಂ." ಇದೊಂದು ಕಾಯಿಲೆ. ಮಣ್ಣಿನ ದಿವಸ ಶಾಮಿಯಾನದವನು ಕಬ್ಬಿಣದ ಕಂಬ ನನ್ನ ಕಾಲ ಮೇಲೆ ಬಿಟ್ಟನಂತೆ. ನಾನು "ಇರ್ಲಿ ಬಿಡಪ್ಪ" ಅಂದೆನಂತೆ. ಆವತ್ತಿನಿಂದ ಅವಳಿಗೆ ಹೆದರಿಕೆ.

ಡಾಕ್ಟರಮ್ಮ ಕೇಳಿದಳು, "ಶಾಂತಮಲ್ಲಪ್ಪನವರೇ, ಏನನಿಸ್ತದೆ ನಿಮಗೆ?"

"ಏನೂ ಅನಿಸಲ್ಲ."

"ಅದನ್ನೇ ಬರೀರಿ. ಯಾರೂ ಓದಲ್ಲ."

ಯಾರೂ ಓದದೆ ಇರೋದನ್ನ ಯಾಕೆ ಬರೀಬೇಕು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಮಗಳು ನೋಟ್‌ಬುಕ್ಕು ತಂದು ಕೊಟ್ಟಳು. ರಟ್ಟಿನ ಮೇಲೆ ಹೂವಿನ ಚಿತ್ರ ಇದೆ.

ಇವತ್ತು ಏನೂ ಅನಿಸಲಿಲ್ಲ. ಬರೆದೆ.

ಆಗಸ್ಟ್ 25, ಸೋಮವಾರ

ಏನೂ ಅನಿಸಲಿಲ್ಲ.

ಆಗಸ್ಟ್ 28, ಗುರುವಾರ

ಬರೆಯುವಂಥದ್ದು ಇರಲಿಲ್ಲ, ಬರೆಯಲಿಲ್ಲ. ಇವತ್ತು ಮಾದಮ್ಮ ಒಂದು ಮಾತು ಎತ್ತಿದಳು.

ನನ್ನ ಮೋಟರ್ ಶೆಡ್ಡು ದೋಣಿಗಲ್ ತಿರುವಿನಲ್ಲಿ. ಪಕ್ಕದಲ್ಲಿ ಕ್ಯಾಂಟೀನು. ಅದು ನನ್ನ ಹೆಂಡತಿ ಕಮಲಮ್ಮನದು. ಘಾಟಿ ಇಳಿಯುವ ಲಾರಿಯವರು, ಹತ್ತಿ ಬಂದ ಬಸ್ಸಿನವರು ಅಲ್ಲೇ ನಿಲ್ಲಿಸುತ್ತಿದ್ದರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬೋಂಡ ಕರೀತಿದ್ದವಳು ಸೌಟು ಕೆಳಗಿಟ್ಟು ಎದೆ ಹಿಡಕೊಂಡು ಕೂತಳು. ನಾನು ಈ ಕಡೆ ತಂತಿ ಸುತ್ತುತ್ತಿದ್ದೆ. ಬರೋ ಹೊತ್ತಿಗೆ ಆಗಿಹೋಗಿತ್ತು. ಈಗ ಕ್ಯಾಂಟೀನು ನಡೆಸೋದು ಮಾದಮ್ಮ. ಮೊದಲಿಂದಲೂ ಅವಳ ಜೊತೆ ಇದ್ದವಳು.

ರೊಟ್ಟಿ ತಿಂತಿದ್ದೆ. ಮಾದಮ್ಮ ಬಂದು ನಿಂತಳು.

"ಅಣ್ಣ, ಒಂದು ಮಾತು. ಬೈಬ್ಯಾಡಿ."

"ಹೇಳು."

"ನೀವು ಬೈಯಲ್ಲ ಅಂತ ಗೊತ್ತಾದ್ರೇನೇ ಹೇಳಕ್ಕೆ ಕಷ್ಟ ಆಗ್ತೈತೆ ಕಣಣ್ಣ." ಸೆರಗಲ್ಲಿ ಕೈ ಒರೆಸಿಕೊಂಡಳು. "ಮೂಲೇಲಿ ಆ ಆಟದ ಪೆಟ್ಟಿಗೆ ನಿಂತೈತಲ್ಲ. ಪರದೆ ಹೋಗ್ಬುಟ್ಟೈತೆ. ಅಲ್ಲಿ ಫ್ರಿಜ್ ಇಡನ ಅಂತ. ಆಯುಧಪೂಜೆಗೆ ಅಂಗಡಿ ತೊಳಿತೀವಲ್ಲ, ಅಷ್ಟೊತ್ತಿಗೆ ಗುಜರಿಯೋನು ಬತ್ತಾನೆ. ಪರದೆ ಬಂದ್ರೆ ಇರ್ಲಿ, ನಾನೇನ್ ಬ್ಯಾಡ ಅನ್ನಲ್ಲ. ಬರಲಿಲ್ಲ ಅಂದ್ರೆ..."

"ಕೊಡು."

"ಅದು ಕಮಲಕ್ಕಂದು."

"ಗೊತ್ತು."

"ಕೊಡು ಅಂದ್ಬುಟ್ರಲ್ಲ."

"ನೀನು ಕೇಳಿದೆ, ನಾನು ಹೇಳಿದೆ."

ಒಳಗೆ ಹೋದಳು. ಪಾತ್ರೆಗಳ ಸದ್ದು ಜಾಸ್ತಿಯಾಯಿತು. ರಾತ್ರಿ ಮಗಳು ಕೇಳಿದಳು, "ಬೆಳಿಗ್ಗೆ ಚಟ್ನಿಗೆ ಉಪ್ಪೇ ಇರಲಿಲ್ವಂತೆ, ಮಾದಮ್ಮ ಆಮೇಲೆ ನೋಡ್ಕೊಂಡ್ಲಂತೆ. ಹೆಂಗಪ್ಪ ತಿಂದೆ?" ನನಗೆ ಗೊತ್ತಾಗಿರಲಿಲ್ಲ.

ಆಗಸ್ಟ್ 30, ಶನಿವಾರ

ಮಳೆಗಾಲಕ್ಕೆ ಪಂಪ್‌ಸೆಟ್ಟು ಯಾರಿಗೂ ಬೇಡ. ಶೆಡ್ಡಿನಲ್ಲಿ ಕೆಲಸ ಇಲ್ಲ. ಕ್ಯಾಂಟೀನಿನಲ್ಲಿ ಕೂತೆ.

ಆ ಪೆಟ್ಟಿಗೆಯನ್ನ ಮಂಗಳೂರು ಕಡೆಯವನೊಬ್ಬ ವಿಡಿಯೋ ಗೇಮ್ ಅಂಗಡಿ ಮುಚ್ಚುವಾಗ ಕಮಲಮ್ಮನಿಗೆ ಕೊಟ್ಟಿದ್ದು. ಆಳೆತ್ತರ. ನಿಂತು ಆಡೋದು. ಮೇಲೆ ಪರದೆ, ಕೆಳಗೆ ಹಿಡಿ, ಗುಂಡಿ. ವಿಮಾನ ಹಾರಿಸಿ ಗುಂಡು ಹೊಡೆಯೋ ಆಟ. ಲಾರಿ ಕ್ಲೀನರುಗಳು ಆಡುತ್ತಿದ್ದರು. ಊಟದ ಹೊತ್ತು ಮುಗಿದು ಪಾತ್ರೆ ತೊಳೆದಾದ ಮೇಲೆ ಇವಳು ಆಡುತ್ತಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ತುಟಿ ಕಚ್ಚಿ. ಅವಳನ್ನ ಸೋಲಿಸಿದ ಕ್ಲೀನರ್ ಇಲ್ಲ ಅಂತ ಮಾದಮ್ಮ ಹೇಳುತ್ತಾಳೆ. ಪರದೆ ಕೆಟ್ಟ ಮೇಲೂ ಸದ್ದು ಕೇಳಿಕೊಂಡೇ ಆಡುತ್ತಿದ್ದಳಂತೆ. ಯಾವ ಸದ್ದಿಗೆ ಯಾವ ಕಡೆಯಿಂದ ಬರ್ತವೆ ಅಂತ ಅವಳಿಗೆ ಬಾಯಿಪಾಠ.

ನಾನು ಒಂದು ಸಲವೂ ಆಡಿಲ್ಲ. ಸುಮ್ಮನೆ ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಸದ್ದು ಬಂತು. ಪರದೆ ಒಂದು ಚಣ ಬೆಳ್ಳಗಾಗಿ ನಡುಗಿ ಕಪ್ಪಾಯಿತು. ಒಳಗೆ ಚಿಟ್ ಚಿಟ್ ಅನ್ನುತ್ತಿತ್ತು. ಸಿಡಿಲು ಹೊಡೆದ ಮೇಲೆ ಬರುತ್ತದಲ್ಲ, ಆ ವಾಸನೆ.

ಥಂಡಿ ಹಿಡಿದಿದೆ. ಮೋಟರ್ ಆದರೂ ಅಷ್ಟೇ.

ಸೆಪ್ಟೆಂಬರ್ 2, ಮಂಗಳವಾರ

ಬೆನ್ನ ಹಲಗೆ ಬಿಚ್ಚಿದೆ. ಕಸ, ಜೇಡರ ಬಲೆ, ಸತ್ತ ಜಿರಲೆ. ನಡುವೆ ದೊಡ್ಡ ಗಾಜಿನ ಪಿಕ್ಚರ್ ಟ್ಯೂಬು. ನೆನೆದ ಮೋಟರನ್ನ ಒಣಗಿಸೋದು ಹೇಗೋ ಹಾಗೆ, ಇನ್ನೂರು ವ್ಯಾಟಿನ ಬಲ್ಬು ಉರಿಸಿ ಒಳಗೆ ಇಳಿಬಿಟ್ಟೆ. ಹಲಗೆ ಮುಚ್ಚಿ ಗೋಣಿಚೀಲ ಹೊದಿಸಿದೆ.

ಮಾದಮ್ಮ ನೋಡಿದಳು. "ಕೋಳಿ ಮರಿ ಮಾಡ್ತೀರೇನಣ್ಣ?"

ಗೋಣಿಚೀಲದ ಅಂಚು ಇನ್ನಷ್ಟು ಒಳಗೆ ತುರುಕಿದೆ.

ಸೆಪ್ಟೆಂಬರ್ 3, ಬುಧವಾರ

ಸ್ವಿಚ್ ಹಾಕಿದೆ. ಬಣ್ಣ ಬಂತು, ಹೋಯಿತು. ಪ್ಲಗ್ ಕಿತ್ತು, ಬಲ್ಬು ತೆಗೆಯೋಕೆ ಕೈ ಹಾಕಿದೆ. ಟ್ಯೂಬಿನ ಮೇಲ್ಮೈಗೆ ಒಂದು ರಬ್ಬರಿನ ಬಟ್ಟಲು ಕವುಚಿಕೊಂಡಿದೆ, ಅದರಿಂದ ದಪ್ಪ ಕೆಂಪು ತಂತಿ ಹೊರಟಿದೆ. ಬೆರಳು ಅದಕ್ಕೆ ತಾಗಿತು.

ಹೊಡೆದು ಹಿಂದಕ್ಕೆ ಎಸೆಯಿತು. ಬೆಂಚು ಬಿತ್ತು. ಭುಜದವರೆಗೆ ಜೋಂ ಅಂತು. ಬಹಳ ದಿನವಾದ ಮೇಲೆ ನನಗೆ ಕೈ ಇದೆ ಅಂತ ಗೊತ್ತಾಯಿತು.

ಏನೋ ಅಂದೆ. ಇಲ್ಲಿ ಬರೆಯುವಂಥ ಮಾತಲ್ಲ. ಪೆಟ್ಟಿಗೆಗೆ ಅಂದೆ, ಪೆಟ್ಟಿಗೆ ಮಾಡಿದವನಿಗೆ ಅಂದೆ, ಅವನ ಅಪ್ಪನಿಗೂ ಅಂದೆ. ರೊಟ್ಟಿ ತಿಂತಿದ್ದ ಲಾರಿ ಡ್ರೈವರ್ ತಟ್ಟೆ ಹಿಡಕೊಂಡು ಹೊರಗೆ ಎದ್ದು ಹೋದ. ಮಾದಮ್ಮ ಓಡಿ ಬಂದಳು. ಬಿದ್ದವನನ್ನ ಎತ್ತಲಿಲ್ಲ. ಫೋನ್ ತೆಗೆದಳು.

"ಚಂದ್ರಿಕಾ, ಬೈದ್ರು ಕಣೆ! ಹೂಂ, ಈಗ್ಲೇ! ಹೇಳ್ಕೊಳ್ಳಕ್ಕಾಗಲ್ಲ, ಅಂತಾವು!"

ಸತ್ತಿದ್ದೀನೋ ಬದುಕಿದ್ದೀನೋ ಅಂತ ಯಾರೂ ಕೇಳಲಿಲ್ಲ. ಸಂಜೆ ಮಗಳು ಪಾಯಸ ಮಾಡಿದ್ದಳು. ಯಾವ ಹಬ್ಬವೋ ಗೊತ್ತಿಲ್ಲ.

ಸೆಪ್ಟೆಂಬರ್ 7, ಭಾನುವಾರ

ರಾತ್ರಿ ಚಂದ್ರಗ್ರಹಣ. ಮಾದಮ್ಮ ಬೇಗ ಮುಚ್ಚುವವಳಿದ್ದಳು. ರಂಗಸ್ವಾಮಿ ಗ್ರಹಣಕ್ಕೆ ಮುಂಚೆ ಉಣ್ಣೋಕೆ ಬಂದ. ಅವನು ಸಕಲೇಶಪುರದಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದವನು. ಈಗ ಮೊಬೈಲಿನ ಕವರು ಮಾರುತ್ತಾನೆ. ಕಣ್ಣಿಗೆ ಪೊರೆ ಬಂದಿದೆ, ಕೈ ಹಾಕಲ್ಲ ಅಂದ. ಬಾಯಿ ಹಾಕಿದ.

"ಇದು ನಿನ್ನ ಪಂಪ್‌ಸೆಟ್ಟಲ್ಲ ಮಾರಾಯ. ಪ್ಲಗ್ ಕಿತ್ತ ಮೇಲೂ ಹೊಡೀತದೆ. ಗಾಜಿನೊಳಗೆ ಕರೆಂಟು ಕೂತಿರ್ತದೆ."

"ಎಷ್ಟು ದಿನ?"

"ಅದರ ಇಷ್ಟ. ಸ್ಕ್ರೂ ಡ್ರೈವರಿಗೆ ಒಂದು ತಂತಿ ಕಟ್ಟು. ತಂತಿಯ ಇನ್ನೊಂದು ತುದಿ ಟ್ಯೂಬಿನ ಬೆನ್ನಿಗೆ ಸುತ್ತಿರೋ ಅರ್ತಿಂಗ್ ತಂತಿಗೆ ಕಟ್ಟು. ಆಮೇಲೆ ಡ್ರೈವರ್ ತುದೀನ ಮೆಲ್ಲಗೆ ಆ ರಬ್ಬರಿನಡಿಗೆ ತೂರಿಸು. ಟಪ್ ಅಂತದೆ. ಇಳೀತು ಅಂತ ಕೈ ಹಾಕಿಬಿಡಬೇಡ. ಸ್ವಲ್ಪ ಹೊತ್ತಿಗೆ ತಾನಾಗೇ ಮತ್ತೆ ತುಂಬ್ಕೊಳ್ತದೆ. ಇನ್ನೊಂದು ಸಲ ಇಳಿಸು."

"ಇಳಿಸಿದ ಮೇಲೆ ಎಲ್ಲಿಂದ ಬರ್ತದೆ?"

"ನನ್ನ ಕೇಳಬೇಡ, ಬರ್ತದೆ. ಮೊದಲು ಕಂಡೆನ್ಸರೆಲ್ಲ ಬದಲಾಯಿಸು. ಒಣಗಿ ಹೋಗಿರ್ತವೆ. ಹೊಸದು ಹಾಸನದಲ್ಲಿ ಸಿಗ್ತವೆ." ತಟ್ಟೆಯಲ್ಲೇ ಕೈ ತೊಳೆದ. "ಯಾಕೋ ಈ ವಯಸ್ಸಿಗೆ ಆಟದ ಹುಚ್ಚು?"

"ಕೆಲಸ ಇಲ್ಲ, ಅದಕ್ಕೆ."

ಸೆಪ್ಟೆಂಬರ್ 12, ಶುಕ್ರವಾರ

ಮಗಳು ಹಾಸನದಿಂದ ಕಂಡೆನ್ಸರ್ ತಂದಳು. ಕಡಲೆಕಾಯಿಯಷ್ಟು ದಪ್ಪದವು. ಬೋರ್ಡು ಬಿಚ್ಚಿ ಶೆಡ್ಡಿಗೆ ತಂದು ಒಂದೊಂದೇ ಕಿತ್ತು ಬೆಸುಗೆ ಹಾಕಿದೆ. ಬೋರ್ಡು ಮತ್ತೆ ಪೆಟ್ಟಿಗೆಗೆ ಕೂರಿಸಿದೆ. ಸ್ವಿಚ್ ಹಾಕಿದರೆ ಢಂ ಅಂತ ಒಂದು ಸಿಡಿಯಿತು, ಒಳಗೆಲ್ಲ ಹತ್ತಿಯ ಹಾಗೆ ಹಾರಾಡಿತು.

ರಂಗಸ್ವಾಮಿಗೆ ಫೋನ್ ಮಾಡಿದೆ. ನಕ್ಕ. "ಪ್ಲಸ್ಸು ಮೈನಸ್ಸು ನೋಡಿ ಹಾಕ್ದೇನೋ?"

ಮೋಟರಿನ ಕಂಡೆನ್ಸರಿಗೆ ತಲೆ ಬಾಲ ಇಲ್ಲ. ಹೇಗೆ ಹಾಕಿದರೂ ನಡೀತದೆ. ಇವಕ್ಕೆ ಇದೆಯಂತೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಸೊಕ್ಕು. ಹೇಳಬಾರದಿತ್ತಾ ಮೊದಲೇ, ನಗೋದಕ್ಕೆ ಮಾತ್ರ ಬಾಯಿ ಇದೆ ಅವನಿಗೆ. ಹೇಳಿದೆ, ಹಾಗೇ ಹೇಳಿದೆ. ಫೋನ್ ಇಟ್ಟ.

ಇನ್ನೊಮ್ಮೆ ಎಲ್ಲ ನೋಡಿ ಹಾಕಬೇಕು.

ಸೆಪ್ಟೆಂಬರ್ 15, ಸೋಮವಾರ

ಚಿತ್ರ ಬಂತು. ಪೂರ್ತಿ ಬಂತು. ನೀಲಿ ಸಮುದ್ರ, ಮೇಲೆ ಸಣ್ಣ ಬಿಳಿ ವಿಮಾನ. ಮಾದಮ್ಮ ಚಪ್ಪಾಳೆ ತಟ್ಟಿದಳು. ಅವಳು ತಟ್ಟಿ ಮುಗಿಸುವುದರೊಳಗೆ ಚಿಟ್ ಚಿಟ್ ಶುರುವಾಗಿ ಕಪ್ಪಾಯಿತು. ಅಂದರೆ ಇನ್ನೇನೋ ಇದೆ.

ಎಲ್ಲಿಂದ ಸದ್ದು ಅಂತ ನೋಡಬೇಕು. ಕಂಬಳಿ ತಂದು ಪೆಟ್ಟಿಗೆಯ ಬೆನ್ನಿಗೂ ನನ್ನ ತಲೆಗೂ ಸೇರಿಸಿ ಹೊದ್ದುಕೊಂಡೆ. ಕತ್ತಲಾಯಿತು. ಸ್ವಿಚ್ ಹಾಕು ಅಂದೆ. ಆ ರಬ್ಬರ್ ಬಟ್ಟಲಿನ ಸುತ್ತ ನೀಲಿ ಕಿಡಿ ಓಡಾಡುತ್ತಿತ್ತು, ಎರೆಹುಳುವಿನ ಹಾಗೆ.

ಪ್ಲಗ್ ಕೀಳಿಸಿ ಟಾರ್ಚ್ ಹಾಕಿದೆ. ಬಟ್ಟಲಿನ ಅಂಚಿಗೆ, ಗಾಜಿಗೆ, ಕೆಂಪಗೆ ಏನೋ ದಪ್ಪಕ್ಕೆ ಹತ್ತಿಕೊಂಡಿದೆ. ವಾರ್ನಿಶ್ ಅಂದುಕೊಂಡೆ. ರಂಗಸ್ವಾಮಿ ಹೇಳಿದ ಹಾಗೆ ಎರಡು ಸಲ ಇಳಿಸಿ, ಉಗುರಿನಿಂದ ಒಂದು ಚೂರು ಕೆರೆದು ಮೂಸಿದೆ.

ಕುಂಕುಮ.

"ಏ ಮಾದಮ್ಮ, ಇದರೊಳಗೆ ಕುಂಕುಮ ಹೇಗೆ ಬಂತು?"

ಅವಳು ನನ್ನನ್ನೇ ಪೆದ್ದನ ಹಾಗೆ ನೋಡಿದಳು. "ಆಯುಧಪೂಜೇಲಿ ಅಕ್ಕ ಹಚ್ತಿದ್ಲಲ್ಲಣ್ಣ. ವರ್ಷಾ ವರ್ಷಾ. ಕುಂಕುಮ, ಎಣ್ಣೆ ಕಲಸಿ, ವಿಭೂತಿನೂ."

"ಒಳಗೆ?"

"ಒಳಗೇ. ಹೊರಗಿರೋದು ಬರೀ ಡಬ್ಬ ಕಣೆ, ಡಬ್ಬಕ್ಕೆ ಪೂಜೆ ಮಾಡಿದ್ರೆ ಏನ್ ಬಂತು ಅಂತಿದ್ಲು. ಆ ರಬ್ಬರು ಅದರ ಹೊಕ್ಕುಳಂತೆ, ತಂತಿ ಬಳ್ಳಿಯಂತೆ. ಹೊಕ್ಕುಳಿಗೆ ಹಚ್ಚಬೇಕು ಅಂತಿದ್ಲು. ಒಂದು ವರ್ಷ ಅಕ್ಕಂಗೂ ಹೊಡೀತು. ಕೂತ್ಕೊಂಡು ನಕ್ಕೂ ನಕ್ಕೂ, ಜೀವ ಐತೆ ಕಣೆ ಇದ್ರಾಗೆ ಅಂದ್ಲು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಬೈತಿದ್ರಿ."

ಸೆಪ್ಟೆಂಬರ್ 16, ಮಂಗಳವಾರ

ಬುದ್ಧಿ ಇರೋರು ಮಾಡೋ ಕೆಲಸವಾ ಇದು? ಇಪ್ಪತ್ತು ಸಾವಿರ ವೋಲ್ಟು ಹರಿಯೋ ಜಾಗಕ್ಕೆ ಎಣ್ಣೆ ಕಲಸಿದ ಕುಂಕುಮ! ಅದರ ಮೇಲೆ ವಿಭೂತಿ! ಮಳೆಗಾಲದ ಥಂಡಿ ಎಲ್ಲ ಅದು ಕುಡಿದು ಕೂತಿದೆ, ಕರೆಂಟು ಅದರ ಮೇಲೆ ಓಡದೆ ಇನ್ನೆಲ್ಲಿ ಓಡಬೇಕು? ಮೋಟರಿಗೆ ಪೂಜೆ ಮಾಡುವಾಗ ಮೈಗೆ ಹಚ್ಚು, ಟರ್ಮಿನಲ್ಲಿಗೆ ಹಚ್ಚಬೇಡ ಅಂತ ಎಷ್ಟು ಸಲ ಹೇಳಿದ್ದೆ ನಿನಗೆ. ಕೈ ಸುಟ್ಟಿದ್ದರೆ? ನಗುತ್ತಾಳಂತೆ ಕೂತುಕೊಂಡು.

ಪರದೆ ಹಾಳು ಮಾಡಿದವಳು ಅವಳೇ. ಮತ್ತೆ ಸದ್ದು ಕೇಳಿಕೊಂಡು ಆಡಿದವಳೂ ಅವಳೇ.

ಬೆಳಿಗ್ಗೆ ಚಟ್ನಿಗೆ ಉಪ್ಪು ಜಾಸ್ತಿ. ಹೇಳಿದೆ. ಮಾದಮ್ಮ ನಕ್ಕಳು. ಉಪ್ಪು ಜಾಸ್ತಿಯಾದರೆ ನಗೋದೇನಿದೆ.

ಸೆಪ್ಟೆಂಬರ್ 18, ಗುರುವಾರ

ರಂಗಸ್ವಾಮಿ ಸಿಟ್ಟು ಬಿಟ್ಟು ಬಂದಿದ್ದ. ಪೊರೆಗಣ್ಣಲ್ಲೇ ಇಣುಕಿದ.

"ಸ್ಪಿರಿಟ್ ಹಾಕಿ ಎಲ್ಲಾ ಒರೆಸಿಬಿಡು. ಗಾಜು ಕಾಣಬೇಕು. ಒಂದು ಚೂರು ಉಳಿದ್ರೂ ಮತ್ತೆ ಹತ್ಕೊಳ್ತದೆ. ಆಗ ಟ್ಯೂಬೇ ಹೋಗ್ತದೆ, ಅದು ಎಲ್ಲೂ ಸಿಗಲ್ಲ ಈಗ."

ಅವನು ಹೋದ ಮೇಲೆ ಟಾರ್ಚ್ ಹಿಡಿದು ಸರಿಯಾಗಿ ನೋಡಿದೆ. ಕೆಳಗಿನ ಪದರವೆಲ್ಲ ಕಪ್ಪಾಗಿದೆ. ಮೇಲಿನದು ಹೋದ ವರ್ಷದ್ದು, ಕೆಂಪಗೇ ಇದೆ. ಬೆರಳು ಒತ್ತಿದ ಗುರುತು ಇದೆ ಅದರಲ್ಲಿ. ಉಂಗುರದ ಬೆರಳು. ಗೆರೆಗಳ ನಡುವೆ ಅಡ್ಡಕ್ಕೆ ಒಂದು ಗೀರು. ತೆಂಗಿನಕಾಯಿ ತುರಿಯುವಾಗ ಕೊಯ್ದುಕೊಂಡದ್ದು. ಹೊಲಿಗೆ ಹಾಕಿಸು ಅಂದರೆ ಕೇಳದೆ ಅರಿಶಿನ ಮೆತ್ತಿಕೊಂಡಿದ್ದಳು.

ಸ್ಪಿರಿಟ್ ಖಾಲಿಯಾಗಿದೆ. ಒರೆಸಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮಗಳು ಸ್ಪಿರಿಟ್ ತಂದಳು. ಕರೆಂಟಿರಲಿಲ್ಲ. ಒರೆಸಲಿಲ್ಲ.

"ಒರೆಸೋಕೆ ಕರೆಂಟ್ ಯಾಕಪ್ಪ?" ಅಂದಳು.

ಸೆಪ್ಟೆಂಬರ್ 21, ಭಾನುವಾರ

ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಅವಳಿಗೆ ಇದು ಮೊದಲನೇ ಎಡೆ.

ಹೊಸ ಸೀರೆ, ಪಕ್ಕದಲ್ಲಿ ಬೋಂಡ, ಕಡುಬು, ಕಾಫಿ. ಕಾಫಿಗೆ ಸಕ್ಕರೆ ಹಾಕಿದ್ದರು. ಅವಳು ಜನ್ಮದಲ್ಲಿ ಸಕ್ಕರೆ ಕಾಫಿ ಕುಡಿದಿದ್ದಳೇ? ಬೆಲ್ಲದ್ದು. ಲೋಟ ಎತ್ತಿಕೊಟ್ಟು ಬೇರೆ ಮಾಡಿಸಿದೆ. ಧ್ವನಿ ಜೋರಾಯಿತಂತೆ. ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಬೆಲ್ಲ ಕುಟ್ಟುತ್ತಾ ಕಣ್ಣು ಒರೆಸಿಕೊಂಡಳು. ಬೈದದ್ದಕ್ಕೆ ಅಂದುಕೊಂಡೆ. ಅಲ್ಲ ಅಂದಳು.

ಎಡೆ ಇಟ್ಟು ಬಾಗಿಲು ಹಾಕಿ ಹೊರಗೆ ಕೂತೆವು. ಒಳಗೆ ಸದ್ದಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಗುಜರಿಯವನು ಮೊದಲೇ ಬಂದು ನೋಡಿಕೊಂಡು ಹೋಗೋಣ ಅಂತ ಬಂದಿದ್ದ. ಪೆಟ್ಟಿಗೆಯ ಒಂದು ಮೂಲೆ ಎತ್ತಿ ತೂಕ ನೋಡಿದ. ಬೆನ್ನ ಕಡೆ ಬಂದು ಇಣುಕಿದ.

"ಗಾಜಿಗೆ ಕಾಸು ಹುಟ್ಟಲ್ಲ ಯಜಮಾನ್ರೇ. ಇಲ್ಲೇ ಒಡೆದು, ಟ್ಯೂಬಿನ ಕತ್ತಿನಲ್ಲಿರೋ ತಾಮ್ರ ಬಿಚ್ಕೊಂಡು, ಹಲಗೆ ಸೌದೆಗೆ ಬಿಟ್ಟು ಹೋಗ್ತೀನಿ."

ಎಲ್ಲಿ ಒಡೀತೀಯ ಅಂತ ಕೇಳಿದೆ. ಸುತ್ತಿಗೆಯಲ್ಲಿ ಹೀಗೆ ಅಂತ ತೋರಿಸಿದ. ಕೈ ಸರಿಯಾಗಿ ಹೊಕ್ಕುಳ ಹತ್ತಿರ ಬಂತು.

"ಕೈ ತೆಗಿ."

"ಅಲ್ಲ ಯಜಮಾನ್ರೇ..."

"ತೆಗಿ ಅಂದೆ ಕಣೋ! ನಿಮ್ಮಪ್ಪಂದೇನೋ ಅದು? ಬಾಗಿಲು ಆ ಕಡೆ ಐತೆ!"

ಹೋದ. ಮಾದಮ್ಮ ಒಲೆ ಹತ್ತಿರ ನಿಂತಿದ್ದಳು. "ಕೊಡು ಅಂದಿದ್ರಿ," ಅಂದಳು. "ಫ್ರಿಜ್ ಎಲ್ಲಿಡನ ಹಂಗಾರೆ?"

"ನನ್ನ ತಲೆ ಮೇಲೆ ಇಡು."

"ಪರದೆ ಬಂದಿಲ್ವಲ್ಲಣ್ಣ ಇನ್ನೂ. ಮಾತು ಮಾತೇ."

ಮಾತು ಮಾತೇ. ಸರಿ.

ಸೆಪ್ಟೆಂಬರ್ 24, ಬುಧವಾರ

ಒರೆಸಿದೆ.

ಎರಡು ಸಲ ಇಳಿಸಿದೆ. ರಬ್ಬರನ್ನ ಹಿಂಡಿ, ಒಳಗಿನ ಕೊಕ್ಕೆ ಬಿಡಿಸಿ ಎತ್ತಿದೆ. ಮೊದಲು ಒಣ ಬಟ್ಟೆ, ಆಮೇಲೆ ಸ್ಪಿರಿಟ್. ಸುತ್ತಲಿನ ಕಪ್ಪನ್ನ ಮೊದಲು ತೆಗೆದೆ. ಬೆರಳಿನ ಗುರುತಿದ್ದ ಕೆಂಪು ಕೊನೆಗೆ. ಅದು ಬೇಗ ಬಂತು. ಎಣ್ಣೆ ಇತ್ತಲ್ಲ. ಗಾಜು ಕಂಡಿತು.

ಸ್ಪಿರಿಟ್ ಕಣ್ಣಿಗೆ ಹತ್ತಿತು. ಸುಮಾರು ಹೊತ್ತು ಹತ್ತಿತು.

ಬಟ್ಟೆ ಒಲೆಗೆ ಹಾಕಬೇಕೋ, ಗಿಡದ ಬುಡಕ್ಕೆ ಹಾಕಬೇಕೋ ಗೊತ್ತಾಗಲಿಲ್ಲ. ಅಂಗಿ ಜೇಬಿನಲ್ಲಿದೆ.

ಸೆಪ್ಟೆಂಬರ್ 25, ಗುರುವಾರ

ಇವತ್ತು ಎಲ್ಲ ಒಣಗಿದ ಮೇಲೆ ಕೊಕ್ಕೆ ಸಿಕ್ಕಿಸಿ ರಬ್ಬರ್ ಕೂರಿಸಿ ಸ್ವಿಚ್ ಹಾಕಿದೆ. ಬಂತು. ನಡುಗಲಿಲ್ಲ. ಮಧ್ಯಾಹ್ನದವರೆಗೂ ಹಾಗೇ ಬಿಟ್ಟೆ. ಚಿಟ್ ಅನ್ನಲಿಲ್ಲ.

ಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಬಂತಲ್ಲಣ್ಣ." ಮತ್ತೆ, "ಫ್ರಿಜ್ ಬಾಗಿಲ ಪಕ್ಕಕ್ಕೆ ಹಾಕಿಸ್ತೀನಿ ಬಿಡಿ," ಅಂದಳು. ಆಮೇಲೆ, "ಆಡಿ ಒಂದು ಸಲ."

ಆಡಿದೆ. ವಿಮಾನ ಮೇಲೆ ಹೋಗುವ ಮೊದಲೇ ಸುಟ್ಟುಹೋಯಿತು. ಮತ್ತೆ ಆಡಿದೆ. ಮತ್ತೆ ಸುಟ್ಟಿತು.

"ಅಕ್ಕ ಒಂದು ವಿಮಾನದಾಗೆ ತೊಳೆದ ಪಾತ್ರೆ ಎಲ್ಲಾ ಒಣಗೋವರೆಗೂ ಆಡ್ತಿದ್ಲು," ಅಂದಳು. "ನೀವು ಒಂದು ಲೋಟ ತೊಳೆಯಷ್ಟೊತ್ತೂ ನಿಲ್ಲಲ್ವಲ್ಲ."

"ನೀನು ಆಡು ನೋಡೋಣ."

ಆಡಿದಳು. ಅವಳದೂ ಸುಟ್ಟಿತು. ನನಗಿಂತ ಬೇಗ.

ಸೆಪ್ಟೆಂಬರ್ 27, ಶನಿವಾರ

ಡಾಕ್ಟರಮ್ಮನ ಹತ್ತಿರ ಕರಕೊಂಡು ಹೋದರು. ಕಾಯಿಸಿದಳು. ಕಾಯಿಸಿದ್ದಕ್ಕೆ ಹೊರಗೆ ಕೂತ ಚೀಟಿಯವನಿಗೆ ಎರಡು ಮಾತು ಹೇಳಿದೆ. ಒಳಗೆ ಕೇಳಿಸಿತೋ ಏನೋ, ಹೋದ ತಕ್ಷಣ ಡಾಕ್ಟರಮ್ಮ ಮಗಳ ಕಡೆ ನೋಡಿ ನಕ್ಕಳು.

"ಏನನಿಸ್ತದೆ ಈಗ?"

"ಏನೂ ಇಲ್ಲ. ಇದ್ದ ಹಾಗೇ ಇದ್ದೀನಿ."

ಇನ್ನು ಬರೀಬೇಕು ಅಂತೇನಿಲ್ಲ ಅಂದಳು. ಬರೀಬೇಕು ಅನ್ನೋದೂ ಇವರೇ, ಬೇಡ ಅನ್ನೋದೂ ಇವರೇ. ಪುಸ್ತಕದಲ್ಲಿ ಇನ್ನೂ ಹಾಳೆ ಇವೆ. ದುಡ್ಡು ಕೊಟ್ಟು ತಂದದ್ದು.

ಸೆಪ್ಟೆಂಬರ್ 29, ಸೋಮವಾರ

ಮಾದಮ್ಮ ಕ್ಯಾಂಟೀನು ತೊಳೆದಳು. ನಾನು ಶೆಡ್ಡು ತೊಳೆದೆ. ಇಕ್ಕಳ, ಸುತ್ತಿಗೆ, ತಂತಿ ಸುತ್ತುವ ಚಕ್ರ ಎಲ್ಲ ಎಣ್ಣೆ ಹಚ್ಚಿ ಸಾಲಾಗಿ ಇಟ್ಟಿದ್ದೇನೆ. ಸಂಜೆ ಅವಳು ಕುಂಕುಮದ ಬಟ್ಟಲು ಹಿಡಿದು ಪೆಟ್ಟಿಗೆ ಮುಂದೆ ನಿಂತಿದ್ದಳು.

"ಅಣ್ಣ, ಬುಧವಾರ ಪೂಜೆ. ಇದಕ್ಕೆ ಎಲ್ಲಿ ಹಚ್ಚನ?"

"ಹೊರಗೆ. ಹಲಗೆ ಮೇಲೆ."

"ಅಕ್ಕ ಒಪ್ತಿರಲಿಲ್ಲ."

"ನಿಮ್ಮಕ್ಕ ಒಪ್ಪದೆ ಇದ್ದದ್ದಕ್ಕೇ ಇದು ಹಾಳಾಗಿದ್ದು."

"ಹಂಗಾರೆ ಒಳಗೇ ಹಚ್ಚನ. ಒಂದು ಚೂರು."

"ಒಳಗೆ ಕೈ ಹಾಕಿದ್ರೆ ಕೈ ಮುರೀತೀನಿ!"

"ಹೊರಗೆ ಅಕ್ಕಂಗೆ ಬ್ಯಾಡ, ಒಳಗೆ ನಿಮಗೆ ಬ್ಯಾಡ. ಎಲ್ಲಿ ಅಂತ ನೀವೇ ಹೇಳಿ ಮತ್ತೆ. ವರ್ಷವೆಲ್ಲ ಕತ್ತಲಾಗೆ ದುಡೀತೈತೆ ಪಾಪ, ಹಣೆ ಬರಿದು ಬಿಡಕ್ಕಾಯ್ತದಾ?"

ಬಟ್ಟಲು ನನ್ನ ಕೈಗೆ ಕೊಟ್ಟು ಹೋದಳು. ಇಲ್ಲೇ ಇದೆ, ಪುಸ್ತಕದ ಪಕ್ಕದಲ್ಲಿ. ನನಗೆ ಗೊತ್ತಾಗುತ್ತಿಲ್ಲ.

ನೋಡು ಕಮಲಾ, ಒಳಗೆ ಹಚ್ಚಿದರೆ ಬರೋ ಮಳೆಗಾಲಕ್ಕೆ ಮತ್ತೆ ಕಿಡಿ ಹತ್ತಿ ಟ್ಯೂಬೇ ಹೋಗ್ತದೆ. ಅದು ಇನ್ನು ಸಿಗಲ್ಲ ಅಂತ ರಂಗಸ್ವಾಮಿ ಹೇಳಿದ್ದಾನೆ. ಹೊರಗೆ ಹಚ್ಚಿದರೆ ಡಬ್ಬಕ್ಕೆ ಪೂಜೆ ಮಾಡಿದಿರಿ ಅಂತ ಮುಖ ತಿರುಗಿಸ್ತೀಯ. ಹಚ್ಚದೆ ಬಿಡೋ ಹಾಗಿಲ್ಲ, ತುಕ್ಕು ಹಿಡಿದ ಇಕ್ಕಳಕ್ಕೂ ಹಚ್ಚುತ್ತೀವಿ. ಇಷ್ಟು ವರ್ಷ ಪಕ್ಕದ ಶೆಡ್ಡಿನಲ್ಲೇ ಇದ್ದೆ ನಾನು. ಹೀಗೆ ಒಳಗೆ ಹಚ್ಚುತ್ತೀನಿ ಅಂತ ಒಂದು ಮಾತು ಹೇಳಲಿಲ್ಲ. ಬೈತಿದ್ದೆ, ಬೈದರೆ ಏನಾಗ್ತಿತ್ತು? ಯಾವತ್ತು ನನ್ನ ಬೈಗುಳಕ್ಕೆ ಹೆದರಿದವಳು ನೀನು? ಬಾಣಲೇಲಿ ಬೋಂಡ ಬಿಟ್ಟು ಹೋದೆ, ಅದನ್ನೂ ಹೇಳಲಿಲ್ಲ. ಗೋಡೆ ಆಚೆ ಇದ್ದೆ. ಕೂಗಿದರೆ ಕೇಳ್ತಿತ್ತು.

ಇದೊಂದಾದರೂ ಹೇಳು. ಎಲ್ಲಿ ಹಚ್ಚಬೇಕು?

ನಾಡಿದ್ದೇ ಅಕ್ಟೋಬರ್ ಒಂದು, ಬುಧವಾರ. ಬೆಳಿಗ್ಗೆಯೇ ಪೂಜೆ. ಅಷ್ಟರೊಳಗೆ ನನಗೆ ಉತ್ತರ ಬೇಕು.